ಹಿಂದಿನ ಸೀಟಿನ ಗಿಣಿ

"ಮೂಸಿ ನೋಡಿ! ನೀವೇ ಮೂಸಿ ನೋಡಿ!" ಎನ್ನುತ್ತಾ ಟ್ಯಾಕ್ಸಿ ಅಣ್ಣ ಬಿಚ್ಚಿದ ಸ್ಪೀಕರನ್ನು ಮಾವನ ಮೂಗಿಗೇ ಹಿಡಿದ.

ಸುಟ್ಟ ವಾಸನೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಗಿಣಿಗೂ ಬಡಿಯಿತು. ಸ್ಕೂಲ್ ಬ್ಯಾಗು ಇನ್ನೂ ಅವಳ ಬೆನ್ನ ಮೇಲೇ ಇತ್ತು. ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಾಳೆಂದು ಎಲ್ಲರೂ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು.

"ಮೊನ್ನೆ ತಾನೇ ಹಾಕಿಸ್ಕೊಂಡು ಹೋಗಿದ್ದು. ನೆಟ್ಟಗೆ ನಾಲ್ಕು ಹಾಡು ಕೇಳಿಲ್ಲ. ಮೊದಲು ಗೊರ್ ಗೊರ್ ಅಂತ ಗೊರಕೆ ಹೊಡೀತು, ಆಮೇಲೆ ಉಸಿರೇ ನಿಲ್ಲಿಸ್ತು!"

ಮಾವ ನಗಲಿಲ್ಲ. ಅವನು ಅಮ್ಮನ ತಮ್ಮ. ಕಾರುಗಳಿಗೆ ಮ್ಯೂಸಿಕ್ ಸಿಸ್ಟಮ್ ಕೂರಿಸುವ ಆ ಅಂಗಡಿಯನ್ನು ಅವನೂ ಅಪ್ಪನೂ ಸೇರಿ ನಡೆಸುತ್ತಿದ್ದರು. ಅವನು ಕಾರಿನ ಡಿಕ್ಕಿಯೊಳಗೆ ಬಗ್ಗಿ ಆಂಪ್ಲಿಫೈಯರನ್ನು ನೋಡಿದ.

"ಭಾವ, ಗೇನ್ ಇಷ್ಟು ಮೇಲಿದೆಯಲ್ಲ! ನೀವು ಇಟ್ಟಿದ್ದೇ ಇಷ್ಟಾ?"

ಗೇನ್ ಎಂದರೆ ಆಂಪ್ಲಿಫೈಯರಿನ ಪಕ್ಕದಲ್ಲಿರುವ ಒಂದು ಪುಟ್ಟ ತಿರುಪು. ಸುಮಾರು ಜನ ಅದನ್ನು ವಾಲ್ಯೂಮ್ ಎಂದೇ ತಿಳಿಯುತ್ತಾರೆ. ಅದು ವಾಲ್ಯೂಮ್ ಅಲ್ಲ. ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇಟ್ಟು, ಈ ತಿರುಪನ್ನು ತೀರಾ ಕೆಳಗಿನಿಂದ ನಿಧಾನವಾಗಿ ಏರಿಸುತ್ತಾ ಬರಬೇಕು. ಒಂದು ಹಂತದಲ್ಲಿ ಹಾಡು ಒಡೆಯಲು ಶುರುವಾಗುತ್ತದೆ, ಹಾಡುವವರ ಗಂಟಲಿಗೆ ಮರಳು ಬಿದ್ದ ಹಾಗೆ. ಅಲ್ಲೇ ನಿಂತು, ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬರಬೇಕು. ಅದನ್ನೂ ದಾಟಿ ಹೋದರೆ ಸ್ಪೀಕರಿನ ಒಳಗಿನ ತಂತಿ ಕಾದು ಕಾದು ಸುಟ್ಟುಹೋಗುತ್ತದೆ.

"ಮಾಮೂಲಿ ಹಾಗೇ ಇಟ್ಟೆ," ಎಂದ ಅಪ್ಪ. ಯಾರ ಮುಖವನ್ನೂ ನೋಡಲಿಲ್ಲ.

"ಗೇನ್ ಅಳೆಯೋಕೆ ಮೀಟರ್ ತರಿಸೋಣ ಅಂದ್ರೆ ಬೇಡ ಅಂದ್ರಿ. ಕಿವಿಗಿಂತ ಮೀಟರ್ ಬೇಕಾ ಅಂದ್ರಿ." ಮಾವ ಸುತ್ತ ನೋಡಿದ. ಅವನ ಕಣ್ಣು ಗಿಣಿಯ ಮೇಲೆ ಬಿತ್ತು. "ಏಯ್, ಮೊನ್ನೆ ಇದೇ ಕಾರಲ್ಲಿ ಕೂತಿದ್ದವಳು ನೀನೇ ಅಲ್ವಾ? ತಿರುಗಿಸಿದ್ಯಾ?"

"ನಾನ್ಯಾಕೆ ಮಾವ ಮುಟ್ಲಿ!"

"ಮತ್ತೆ ದೆವ್ವ ಬಂದು ತಿರುಗಿಸ್ತಾ? ಇದೇನು ಆಟದ ಸಾಮಾನಾ? ನಾಳೆಯಿಂದ ಸ್ಕೂಲ್ ಬಿಟ್ಟ ತಕ್ಷಣ ಸೀದಾ ಮನೆಗೆ ಹೋಗು. ಈ ಕಡೆ ತಲೆ ಹಾಕ್ಬೇಡ."

ಗಿಣಿ ಅಪ್ಪನ ಕಡೆ ತಿರುಗಿದಳು. ಈಗ ಹೇಳುತ್ತಾನೆ, ನನ್ನ ಮಗಳು ಮುಟ್ಟಿಲ್ಲ ಎಂದು ಈಗ ಹೇಳುತ್ತಾನೆ ಎಂದು ಕಾದಳು. ಅಪ್ಪ ನೆಲ ನೋಡುತ್ತಾ ನಿಂತಿದ್ದ. ಬೈದ ಮಾವನಿಗಿಂತ ಬಾಯಿ ಬಿಡದ ಅಪ್ಪನ ಮೇಲೇ ಹೆಚ್ಚು ಸಿಟ್ಟು ಬಂತು.

ಮಾವ ಹೊಸ ಸ್ಪೀಕರ್ ಕೂರಿಸಿದ. "ಸೆಟ್ ಮಾಡಿ ಭಾವ. ನಾನೂ ನಿಂತು ನೋಡ್ತೀನಿ."

ಅಪ್ಪ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡ. ಆಮೇಲೆ ಮೆಲ್ಲಗೆ, "ಗಿಣೀ, ಬಾ, ಕೂತ್ಕೋ," ಎಂದ.

"ಮತ್ತೆ ಅವಳ್ಯಾಕೆ?"

"ಕೂರ್ಲಿ ಬಿಡೋ."

ಗಿಣಿ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಸೀಟಿನ ಬೆನ್ನಿಗೆ ಗದ್ದವಿಟ್ಟು ಕೂತಳು. ದಿನವೂ ಅವಳು ಕೂರುತ್ತಿದ್ದುದು ಹಾಗೆಯೇ. ಎದುರಿಗೆ ತೆರೆದ ಡಿಕ್ಕಿ, ಅದರಾಚೆ ಬಗ್ಗಿ ನಿಂತ ಅಪ್ಪ. ಇವತ್ತು ಅವಳು ಮುಖ ಬಿಗಿದುಕೊಂಡಿದ್ದಳು.

ಹಾಡು ಶುರುವಾಯಿತು. ಸ್ಕ್ರೂಡ್ರೈವರ್ ತಿರುಗಿತು. ಸದ್ದು ಏರಿತು, ಇನ್ನೂ ಏರಿತು. ಹಾಡುವವಳ ಗಂಟಲಿಗೆ ಮರಳು ಬಿತ್ತು.

ಅಪ್ಪನ ಕೈ ನಿಲ್ಲಲಿಲ್ಲ.

"ಭಾವ, ಸಾಕು!" ಮಾವ ಕೂಗಿದ. "ಒಡೀತಿದೆ, ನಿಲ್ಸಿ!"

ಅಪ್ಪನಿಗೆ ಅದೂ ಕೇಳಿಸಲಿಲ್ಲ. ಅವನ ಕಣ್ಣು ತಿರುಪಿನ ಮೇಲಿರಲಿಲ್ಲ, ಮಾವನ ಮೇಲೂ ಇರಲಿಲ್ಲ. ಅವನು ಗಿಣಿಯ ಮುಖವನ್ನೇ ನೋಡುತ್ತಿದ್ದ. ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನೇ ನೋಡುವ ಹಾಗೆ ನೋಡುತ್ತಿದ್ದ.

ಗಿಣಿಗೆ ಮೊನ್ನೆಯ ಸಂಜೆ ನೆನಪಾಯಿತು. ಅವತ್ತು ಬೆಳಿಗ್ಗೆ ಬೋರ್ಡಿನ ಮೇಲೆ ಚಾಕ್‌ಪೀಸ್ ಕಿರ್ರೆಂದಾಗ ಅವಳು ಮುಖ ಕಿವುಚಿದ್ದಕ್ಕೆ ಕ್ಲಾಸಿನವರೆಲ್ಲ "ಹುಳಿಮುಖಿ, ಹುಳಿಮುಖಿ" ಎಂದು ರೇಗಿಸಿದ್ದರು. ಇನ್ನು ಏನೇ ಆದರೂ ಮುಖ ಅಲುಗಿಸಬಾರದೆಂದು ಅವಳು ಇದೇ ಸೀಟಿನಲ್ಲಿ ಹಲ್ಲು ಕಚ್ಚಿ ಕಲ್ಲಿನಂತೆ ಕೂತಿದ್ದಳು. ಹಾಡು ಚೂರುಚೂರಾಗಿ ಕಿವಿ ನೋಯುತ್ತಿದ್ದರೂ ಕಲ್ಲಿನಂತೆಯೇ ಕೂತಿದ್ದಳು. ಅಪ್ಪ ಯಾಕೆ ಇಷ್ಟು ತಿರುಗಿಸುತ್ತಾನೆ ಎನಿಸಿತ್ತು. ಅಪ್ಪನಿಗೆ ಗೊತ್ತಿರುತ್ತೆ ಬಿಡು ಎಂದುಕೊಂಡಿದ್ದಳು.

ಗಿಣಿ ಎರಡೂ ಕಣ್ಣು ಮುಚ್ಚಿ, ತನ್ನಿಂದ ಆದಷ್ಟೂ ಜೋರಾಗಿ ಮುಖ ಕಿವುಚಿದಳು.

ಅಪ್ಪನ ಕೈ ತಟ್ಟನೆ ನಿಂತಿತು. ತಿರುಪು ಹಿಂದಕ್ಕೆ ಬಂತು. ಹಾಡು ತಿಳಿಯಾಯಿತು. ಅವಳು ಕಣ್ಣು ಬಿಟ್ಟಾಗ ರೆಪ್ಪೆ ಒದ್ದೆಯಾಗಿತ್ತು.

ಮಾವ ಒಮ್ಮೆ ಅಪ್ಪನನ್ನು, ಒಮ್ಮೆ ಅವಳನ್ನು ನೋಡಿದ. ಮುಂದೆ ಹೋಗಿ ಹಾಡು ನಿಲ್ಲಿಸಿದ. ಅಪ್ಪನ ಎದುರಿಗೇ ಬಂದು ನಿಂತು ಕೇಳಿದ, "ಭಾವ, ಯಾವಾಗಿಂದ?"

"ಬಹಳ ಕಾಲ ಆಯ್ತು," ಎಂದ ಅಪ್ಪ. "ದಪ್ಪ ಸದ್ದು ಎದೆಗೆ ಗೊತ್ತಾಗುತ್ತೆ. ಸಣ್ಣದು ಯಾವುದೂ ಕೇಳ್ಸಲ್ಲ. ಇಷ್ಟು ವರ್ಷ ಈ ಸದ್ದಲ್ಲೇ ತಲೆ ಇಟ್ಟೆನಲ್ಲ." ಗಿಣಿಯ ಕಡೆ ಕೈ ತೋರಿಸಿ ಹೇಳಿದ, "ಅವಳು ಮುಟ್ಟಿಲ್ಲ. ಆಗಲೇ ಹೇಳ್ಬೇಕಿತ್ತು."

ಟ್ಯಾಕ್ಸಿ ಅಣ್ಣ ತನ್ನ ಕಾರಿನ ಟೈರನ್ನು ಅದೇ ಮೊದಲ ಸಲ ಕಂಡವನಂತೆ ನೋಡುತ್ತಿದ್ದ. "ಹೋಗ್ಲಿ ಬಿಡಿ," ಎಂದು ಗೊಣಗಿದ.

"ಇನ್ಮೇಲೆ ಗೇನ್ ನಾನು ಇಡ್ತೀನಿ," ಎಂದ ಮಾವ. ಅವನ ದನಿ ಇಳಿದಿತ್ತು. "ನೀವು ವೈರಿಂಗ್ ನೋಡ್ಕೊಳ್ಳಿ."

ಅಪ್ಪ ಸ್ಕ್ರೂಡ್ರೈವರನ್ನು ಅಂಗಿಯ ತುದಿಗೆ ಒರೆಸಿ ಅವನ ಕೈಗೆ ಕೊಟ್ಟ. ಕೊಟ್ಟ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಮನೆಗೆ ಹೊರಟಾಗ ಗಿಣಿ ಸ್ಕೂಟರಿನ ಹಿಂದೆ ಕೂತಳು. ದಿನವೂ ಆ ದಾರಿಯುದ್ದಕ್ಕೂ ಅವಳು ಅಪ್ಪನ ಬೆನ್ನಿಗೆ ಕ್ಲಾಸಿನ ಕತೆಯನ್ನೆಲ್ಲ ಹೇಳುತ್ತಿದ್ದಳು. ಅಪ್ಪ "ಹೂಂ, ಹೂಂ" ಎನ್ನುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಅವಳ ಮಾತನ್ನು ಅಷ್ಟು ಹೊತ್ತು ಕೇಳುತ್ತಿರಲಿಲ್ಲ.

ಇವತ್ತು ಅವಳು ಅವನ ಬೆನ್ನಿಗೆ ಬಾಯಿ ತಾಗಿಸಿ, "ಅಪ್ಪಾ, ಇವತ್ತು ಮಧ್ಯಾಹ್ನ ನಾನು ಒಂದು ಆನೆ ನುಂಗಿದೆ," ಎಂದಳು.

ಮಾತಿನ ಬಿಸಿ ಬೆನ್ನಿಗೆ ತಾಗಿರಬೇಕು. "ಹೂಂ," ಎಂದ ಅಪ್ಪ.

ಗಿಣಿ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಮನೆ ಮುಂದೆ ಸ್ಕೂಟರ್ ನಿಂತಿತು. ಅವಳು ಎಂದಿನಂತೆ ಜಿಗಿದು ಒಳಗೆ ಓಡಲಿಲ್ಲ. ಅಪ್ಪ ಸ್ಟ್ಯಾಂಡ್ ಹಾಕುವ ತನಕ ಕಾದಳು, ಹೆಲ್ಮೆಟ್ ತೆಗೆಯುವ ತನಕ ಕಾದಳು. ಬಾಗಿಲ ದೀಪ ತನ್ನ ಮುಖದ ಮೇಲೆ ಬೀಳುವ ಹಾಗೆ ಅವನೆದುರಿಗೆ ಬಂದು ನಿಂತು, "ಅಪ್ಪಾ," ಎಂದು ನಿಧಾನವಾಗಿ, ತುಟಿ ಬಿಡಿಸಿ, ಸ್ಕೂಲಿನ ಕತೆಯನ್ನು ಬೆಳಗಿನ ಪ್ರೇಯರ್‌ನಿಂದ ಹೇಳಲು ಶುರು ಮಾಡಿದಳು.