ಮೇಸ್ತ್ರಿಯ ನಲವತ್ತಮೂರು ಮಾತು

"ನಮ್ಮ ಮೇಸ್ತ್ರಿನ ಕೊಂದು ಹಾಕಿದಾಳೆ ಸಾರ್. ಒಂದೇ ಮಧ್ಯಾಹ್ನ. ಇನ್ನೇನು ಹೇಳ್ಲಿ ನಾನು."

ಇನ್‌ಸ್ಪೆಕ್ಟರ್ ಉಮೇಶ್ ಬರೆಯುತ್ತಿದ್ದ ಪೆನ್ನನ್ನು ಹಾಗೇ ನಿಲ್ಲಿಸಿದರು.

"ಶವ ಎಲ್ಲಿದೆ?"

"ಶವ ಎಲ್ಲಿಂದ ಬರ್ಬೇಕು ಸಾರ್? ಸಾಫ್ಟ್‌ವೇರು ಅದು. ಮೇಸ್ತ್ರಿ ಅಂತ ಹೆಸರಿಟ್ಟಿದೀವಿ."

ಬಾಗಿಲ ಹತ್ತಿರ ಜೀಪಿನ ಕೀ ಹಿಡಿದು ಸಿದ್ಧವಾಗಿದ್ದ ಹೆಡ್ ಕಾನ್‌ಸ್ಟೆಬಲ್ ಗಿರಿಜಾಂಬಾ ಕೀಯನ್ನು ಮತ್ತೆ ಮೊಳೆಗೆ ತೂಗುಹಾಕಿದರು. "ಅಯ್ಯೋ, ನನ್ನ ಎದೆ ಒಡೆದುಹೋಗಿತ್ತಲ್ಲ ಮಾರಾಯ್ರೆ" ಎಂದು ಬೆಂಚಿನ ಮೇಲೆ ಕೂತರು.

ಅಂದು 2025ರ ಜೂನ್ 17, ಮಂಗಳವಾರ. ಸೈಬರ್ ಅಪರಾಧಗಳನ್ನು ನೋಡುವ ಚಿಕ್ಕಮಗಳೂರಿನ ಸೆನ್ ಪೊಲೀಸ್ ಠಾಣೆಯ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ದೂರು ತಂದವರು ದಿಲೀಪ್, ನಲವತ್ತೆರಡು ವರ್ಷ. ಮೂಡಿಗೆರೆಯಲ್ಲಿ ಕಾಫಿ ಬೀಜ ಕೊಳ್ಳುವ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ಸಾಫ್ಟ್‌ವೇರ್ ಕಚೇರಿ ನಡೆಸುವವರು. ಮಾತಿನ ಮಧ್ಯೆ ತೋಟ ಬಂದೇ ಬರುತ್ತಿತ್ತು.

"ಈಗ ಪ್ರೋಗ್ರಾಂ ಬರೆಯೋದು ನಾವಲ್ಲ ಸಾರ್, ಎಐ. ಅದು ಆಳು ಇದ್ದ ಹಾಗೆ. ಶಕ್ತಿ ಬೇಕಾದಷ್ಟಿದೆ. ಆದ್ರೆ ಬೆಳಿಗ್ಗೆ ಯಾರಾದ್ರೂ ನಿಂತು ಹೇಳ್ಬೇಕಲ್ಲ, ಇವತ್ತು ಇಷ್ಟು ಮಾಡು, ಹೀಗೆ ಮಾಡು, ಇದನ್ನ ಮುಟ್ಬೇಡ ಅಂತ. ಹಾಗೆ ಹೇಳೋ ಮಾತುಗಳ ಗಂಟೇ ಈ ಮೇಸ್ತ್ರಿ. ಕನ್ನಡದಲ್ಲೇ ಬರೆಸಿದ್ದು. ಒಟ್ಟು ನಲವತ್ತಮೂರು ಕಮಾಂಡು, ಒಂದೊಂದಕ್ಕೆ ಒಂದೊಂದು ಫೈಲು."

"ಬಳಸೋರು ಯಾರು?"

"ಇನ್ನೂರು ಜನ ಇದಾರೆ. ಕಳಸದಲ್ಲಿ ಒಂದು ತಂಡ, ಆನೆ ಬಂದ್ರೆ ಊರಿನವರ ಮೊಬೈಲಿಗೆ ಮೆಸೇಜು ಹೋಗೋ ಪ್ರೋಗ್ರಾಂ ಬರೀತಿತ್ತು. ನಿನ್ನೆ ಒಂದು ಕಮಾಂಡ್ ಕೊಟ್ಟಿದಾರೆ ಅಷ್ಟೇ, ಹತ್ತೊಂಬತ್ತು ದಿನದ ಕೆಲಸ ಅಳಿಸಿ ಹೋಯ್ತು."

ಉಮೇಶ್ ಒಂದೊಂದಾಗಿ ಕೇಳಿ ಬರೆದುಕೊಂಡರು. ನಲವತ್ತಮೂರು ಫೈಲುಗಳು ಒಂದೇ ರಾಶಿಯಲ್ಲಿದ್ದವು, ಬೇಕಾದ್ದು ಸಿಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಹಿರಿಯೂರಿನ ರಂಜಿತಾ ಎಂಬಾಕೆಯನ್ನು ಅದನ್ನು ಹೊಸದಾಗಿ ಜೋಡಿಸಲು ಕೆಲಸಕ್ಕೆ ತೆಗೆದುಕೊಂಡರು. ಆಕೆ ಒಂದೇ ಥರದವನ್ನು ಕೂಡಿಸಿ, ಐದು ಫೋಲ್ಡರ್ ಮಾಡಿ, ಹದಿನೇಳು ಕಮಾಂಡಿಗೆ ಇಳಿಸಿದಳು. ಹೊಸ ಮೇಸ್ತ್ರಿ ಜೂನ್ 13ರ ಶುಕ್ರವಾರ ಹೊರಗೆ ಬಂತು. ಮರುದಿನ ಶನಿವಾರ ಮಧ್ಯಾಹ್ನ 3.12ಕ್ಕೆ 'ಕಸಿ' ಎಂಬ ಒಂದು ಕಮಾಂಡು ಬದಲಾಯಿತು; ಕಳಸದವರು ಕೊಟ್ಟಿದ್ದು ಅದನ್ನೇ. ಬದಲಾಯಿಸಿದ್ದು ರಂಜಿತಾಳ ಖಾತೆಯಿಂದ. ಅದು ದಾಖಲೆಯಲ್ಲಿದೆ.

"ಒಳಗೆ ಹಾಕಿ ಸಾರ್ ಅವಳನ್ನ" ಎಂದರು ದಿಲೀಪ್.

"ಮೊದಲು ಎಫ್‌ಐಆರ್ ಹಾಕೋಣ" ಎಂದರು ಉಮೇಶ್. ಅಪರಾಧ ಸಂಖ್ಯೆ 41/2025, ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66. ಅನುಮಾನಿತರ ಕಾಲಂನಲ್ಲಿ ಒಂದೇ ಹೆಸರು.

*

ಜೂನ್ 18, ಬುಧವಾರ, ಹನ್ನೊಂದು ಗಂಟೆ. ಮೂಡಿಗೆರೆಯ ಕಚೇರಿಯಲ್ಲಿ ಪಂಚನಾಮೆ. ಪಂಚರಾಗಿ ಕೆಳಗಿನ ಅಂಗಡಿಯಲ್ಲಿ ಮೂಟೆ ತೂಗುವವರೂ ಎದುರಿನ ಸಲೂನಿನವರೂ ಬಂದರು. ಸಲೂನಿನವರಿಗೆ ಕಂಪ್ಯೂಟರಿನ ಒಳಗೆ ಯಾರನ್ನು ಹುಡುಕುತ್ತಿದ್ದಾರೆ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಆದರೂ ಸಹಿ ಚೆನ್ನಾಗಿ ಮಾಡಿದರು.

ರಂಜಿತಾ ಇಪ್ಪತ್ತೊಂಬತ್ತರ ಹೆಣ್ಣುಮಗಳು. ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಶನಿವಾರ ಮೂರು ಹನ್ನೆರಡಕ್ಕೆ ಎಲ್ಲಿದ್ರಿ?"

"ರೂಮಲ್ಲಿ ಸಾರ್. ಜ್ವರ ಇತ್ತು, ಮಲಗಿದ್ದೆ."

"ಯಾರಾದ್ರೂ ನೋಡಿದಾರಾ?"

"ನೋಡೋಕೆ ಈ ಊರಲ್ಲಿ ನನಗೆ ಯಾರು ಗೊತ್ತು ಸಾರ್?"

"ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಹಳೇದ್ರಲ್ಲಿ ಏನೇನು ತೆಗೆದ್ರಿ?"

"ಒಂದೇ ವಿಷಯ ಒಂಬತ್ತು ಕಡೆ ಇತ್ತು, ಅದನ್ನೆಲ್ಲ ಕೂಡಿಸಿದೆ. ಆಮೇಲೆ, ಪ್ರತಿ ಫೈಲಿನ ಶುರುವಿಗೆ ಒಂದು ಸಾಲಿತ್ತು ಸಾರ್. 'ಬಂದವರನ್ನ ಮೊದಲು ಕಾಫಿ ಆಯ್ತಾ ಮಾರಾಯ ಅಂತ ಕೇಳು'. ಕೊನೆಗೆ, 'ಹೊರಡೋ ಮುಂಚೆ ಛತ್ರಿ ನೆನಪು ಮಾಡು'. ಎಐ ಪ್ರತಿ ಸಲ ಹಾಗೇ ಕೇಳ್ತಿತ್ತು, ಹಾಗೇ ನೆನಪು ಮಾಡ್ತಿತ್ತು. ಕೆಲಸಕ್ಕೆ ಬೇಡದ ಸಾಲು ಅಂತ ನಲವತ್ತಮೂರರಿಂದಲೂ ತೆಗೆದೆ. ಎಲ್ಲ ಕಮಾಂಡಿಗೂ ಸೇರಿ ಒಂದೇ ನಿಯಮ ಬರೆದೆ. ಹೆಚ್ಚು ಮಾತಾಡಬೇಡ, ಮಧ್ಯೆ ಏನೂ ಕೇಳಬೇಡ, ಕೆಲಸ ಮುಗಿಸು ಅಂತ."

"ಛತ್ರಿದು ಚೆನ್ನಾಗಿತ್ತಲ್ಲಮ್ಮ" ಎಂದರು ಗಿರಿಜಾಂಬಾ.

"ಚೆನ್ನಾಗಿತ್ತು ಮೇಡಂ. ಆದ್ರೆ ದಿನಕ್ಕೆ ಐವತ್ತು ಸಲ ಕೇಳಿಸ್ಕೊಂಡ್ರೆ ಕಷ್ಟ." ನಂತರ ಉಮೇಶರ ಕಡೆ ತಿರುಗಿ, ಧ್ವನಿ ತಗ್ಗಿಸಿ ಹೇಳಿದಳು, "ಸಾರ್, ಇದರಲ್ಲಿ ನನ್ನ ಹೆಸರು ಹೋದ್ರೆ ಇನ್ನೊಬ್ಬರ ಕೋಡ್ ಮುಟ್ಟೋಕೆ ನನ್ನನ್ನ ಯಾರೂ ಬಿಡಲ್ಲ. ನನಗೆ ಬೇರೆ ಕೆಲಸ ಬರಲ್ಲ."

ಉಮೇಶ್ ನೋಟಿಸ್ ಕೊಟ್ಟರು. ಮುಂದಿನ ಮಂಗಳವಾರ, ಜೂನ್ 24, ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಹಾಜರಾಗಬೇಕು. ಅವಳು ಎರಡು ಸಲ ಓದಿ, ಮಡಚಿ, ಚೀಲದೊಳಗೆ ಇಟ್ಟುಕೊಂಡಳು.

ಅವತ್ತೇ ಉಮೇಶ್ ಫೈಲುಗಳಿರುವ ಜಾಲತಾಣದ ಕಂಪನಿಗೆ ಪತ್ರ ಕಳಿಸಿದರು. ಶನಿವಾರ ಮೂರು ಹನ್ನೆರಡರ ಬದಲಾವಣೆ ಯಾವ ಇಂಟರ್‌ನೆಟ್ ಸಂಪರ್ಕದಿಂದ ಬಂತು?

*

ಕಸಿಯ ಗಂಟು ಬಿಚ್ಚಿದ್ದು ಅವತ್ತಿನ ಊಟದ ಹೊತ್ತಿನಲ್ಲಿ. ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ಅಕ್ಕಿರೊಟ್ಟಿ ಬರುವವರೆಗೆ ಗಿರಿಜಾಂಬಾ ಪ್ರಿಂಟ್ ತೆಗೆದ ಹಾಳೆಗಳನ್ನು ಓದುತ್ತಿದ್ದರು. ಅವರಿಗೆ ಕಂಪ್ಯೂಟರ್ ಬರುವುದಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಹೇಳಿಕೆಗಳನ್ನು ಬರೆದುಕೊಂಡ ಕೈ. ಯಾವ ಮಾತು ಯಾರ ಬಾಯಿಂದ ಬಂದಿದೆ ಎನ್ನುವುದು ಓದಿದರೆ ತಿಳಿಯುತ್ತದೆ.

"ಸಾರ್, ಕಸಿ ಅಂದ್ರೇನು?"

"ಎರಡು ಗಿಡ ಸೇರಿಸಿ ಒಂದು ಮಾಡೋದು. ನಮ್ಮ ಕೋಲಾರದ ಕಡೆ ಮಾವಿಗೆ ಮಾಡ್ತಾರಲ್ಲ."

"ಅದು ನಿಮ್ಮ ಕೋಲಾರದಲ್ಲಿ. ನಮ್ಮಲ್ಲಿ ಕಸಿ ಅಂದ್ರೆ ಕತ್ತರಿ ಸಾರ್. ಕಾಫಿ ಗಿಡ ಕಸಿ ಮಾಡೋದು ಅಂದ್ರೆ ಬೇಡದ್ದು ಕತ್ತರಿಸೋದು. ಮರಗಸಿ ಅಂತ ಕೇಳಿಲ್ವಾ? ನೆರಳು ಜಾಸ್ತಿ ಆಗಿದೆ ಅಂತ ಮರ ಹತ್ತಿ ಕೊಂಬೆ ಕಡಿಯೋದು. ಮರಕ್ಕೆ ಮರ ಅಂಟಿಸ್ತಾರಾ ಯಾರಾದ್ರೂ?"

ಉಮೇಶ್ ರೊಟ್ಟಿ ಮುರಿಯುವುದನ್ನು ಬಿಟ್ಟರು. ಗಿರಿಜಾಂಬಾ ಎರಡು ಹಾಳೆ ಪಕ್ಕಪಕ್ಕ ಇಟ್ಟರು.

"ಇದು ಶುಕ್ರವಾರದ್ದು, ಆ ಹುಡುಗಿ ಬರೆದಿದ್ದು. 'ಕಸಿ: ಕೆಲಸದ ಎರಡು ಕೊಂಬೆಗಳನ್ನು ಜೋಡಿಸಿ ಒಂದು ಮಾಡು.' ನಿಮ್ಮ ಮಾವಿನ ಕಸಿ ಇದು. ಇದು ಶನಿವಾರದ್ದು. 'ಕಸಿ: ಒಣಗಿದ್ದು, ಅಡ್ಡ ಬೆಳೆದಿದ್ದು, ಬುಡಕ್ಕೇ ತೆಗಿ.' ಇದನ್ನ ಬರೆದವರು ಕಾಫಿ ತೋಟದಲ್ಲಿ ನಿಂತು ಕೆಲಸ ಮಾಡಿಸಿದವರು ಸಾರ್. ಹಿರಿಯೂರಿನವಳಲ್ಲ."

ಉಮೇಶ್ ಅಲ್ಲೇ ರಂಜಿತಾಳಿಗೆ ಫೋನ್ ಮಾಡಿದರು. "ಒಂದೇ ಪ್ರಶ್ನೆ. ಕಸಿ ಅಂದ್ರೇನು?"

"ಎರಡು ಗಿಡ ಸೇರಿಸೋದು ಸಾರ್. ಯಾಕೆ? ಹಳೇದ್ರಲ್ಲಿ ಆ ಹೆಸರನ್ನ ತಪ್ಪು ಕಮಾಂಡಿಗೆ ಇಟ್ಟಿದ್ರು, ನಾನು ಸರಿ ಮಾಡಿದೆ."

ಆಮೇಲೆ ದಿಲೀಪ್‌ಗೆ. "ಹಳೇ ನಲವತ್ತಮೂರು ಬರೆದಿದ್ದು ಯಾರು?"

"ಅದಾ? ನಮ್ಮ ರೈಟ್ರು ಸಾರ್."

"ರೈಟ್ರಾ? ಯಾವ ಠಾಣೆ?"

"ಠಾಣೆ ಅಲ್ಲ ಸಾರ್, ತೋಟದ ರೈಟ್ರು. ಷಡಕ್ಷರಿ ಅಂತ. ಅತ್ತಿಗುಂಡಿ ಕಡೆ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಹಾಜರಿ ಬರೆದವರು. ಮೊಬೈಲ್ ನೋಡ್ಕೊಂಡೇ ಕೋಡ್ ಕಲಿತವರು. ಪಾಪದ ಮನುಷ್ಯ. ಏಪ್ರಿಲ್‌ಗೆ ಅವರ ಕೆಲಸ ಮುಗೀತು, ಈಗ ಸಂಪರ್ಕ ಇಲ್ಲ."

"ನೀವು ಫೋನ್ ಮಾಡಿಲ್ವಾ?"

"ಯಾಕೆ ಮಾಡ್ಲಿ ಸಾರ್? ಕೆಲಸ ಇರ್ಲಿಲ್ವಲ್ಲ."

ಗಿರಿಜಾಂಬಾ ಆಗಲೇ ಜೀಪಿನ ಕೀ ಹಿಡಿದಿದ್ದರು. ಉಮೇಶ್ ತಲೆಯಾಡಿಸಿದರು. "ಶಬ್ದದ ಅರ್ಥ ಕೋರ್ಟಿನಲ್ಲಿ ಸಾಕ್ಷಿ ಹೇಳಲ್ಲ ಗಿರಿಜಮ್ಮ. ಉತ್ತರ ಬರ್ಲಿ."

ಜೂನ್ 23, ಸೋಮವಾರ, ಸಂಜೆ 4.20ಕ್ಕೆ ಉತ್ತರ ಬಂತು. ಸಂಪರ್ಕ ಕೊಟ್ಟಿಗೆಹಾರದ್ದು. ಚಾರ್ಮಾಡಿ ಘಾಟಿಗೆ ಇಳಿಯುವ ರಸ್ತೆಯ ಒಂದು ಹೋಟೆಲಿನ ಮಾಲೀಕರ ಹೆಸರಿನಲ್ಲಿತ್ತು.

*

ಜೂನ್ 24, ಮಂಗಳವಾರ. ಹತ್ತು ಗಂಟೆಗೆ ಜೀಪು ಕೊಟ್ಟಿಗೆಹಾರ ತಲುಪಿತು. ಸಣ್ಣಗೆ ಮಳೆ ಹಿಡಿದಿತ್ತು. ಹೋಟೆಲಿನ ಮಾಲೀಕ ಗಣಪಯ್ಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಮಾತಾಡಿದರು.

"ನನ್ನ ಇಂಟರ್‌ನೆಟ್ ಬಳಸೋದು ಮೇಲೆ ಬಾಡಿಗೆಗಿರೋ ರೈಟ್ರು. ಗಲಾಟೆ ಇಲ್ಲ, ನೆಂಟರಿಷ್ಟರು ಇಲ್ಲ. ಕೆಲವೊಮ್ಮೆ ಯಾರ ಹತ್ರಾನೋ ಮಾತಾಡೋದು ಕೇಳ್ತದೆ. ಫೋನ್ ಇರ್ಬೇಕು. ಮೇ ತಿಂಗಳಲ್ಲಿ ಮಾತ್ರ ಒಂದು ಹೆಣ್ಣುಮಗಳು ನಾಲ್ಕು ದಿನ ಬಂದಿದ್ರು, ಲ್ಯಾಪ್‌ಟಾಪ್ ತಗೊಂಡು. ಕೆಲಸ ಕೇಳ್ಕೊಳ್ಳೋಕಂತೆ."

ಮೇಲಿನದು ಒಂದೇ ಕೋಣೆ. ಮಂಚ, ಮೇಜು, ಲ್ಯಾಪ್‌ಟಾಪ್, ಗೋಡೆಯ ಮೇಲೆ ಎರಡು ವರ್ಷ ಹಳೆಯ ಎಸ್ಟೇಟಿನ ಕ್ಯಾಲೆಂಡರ್. ಷಡಕ್ಷರಿಗೆ ಐವತ್ತೊಂದು ವರ್ಷ. ಸಮವಸ್ತ್ರ ನೋಡಿ ಎದ್ದು ನಿಂತರು. ಗಾಬರಿಗಿಂತ ಮೊದಲು ಅವರ ಮುಖದಲ್ಲಿ ಬಂದದ್ದು ಬೇರೇನೋ; ಯಾರೋ ಬಂದರಲ್ಲ ಎನ್ನುವಂಥದ್ದು.

"ಬನ್ನಿ, ಕೂತ್ಕೊಳ್ಳಿ. ಕಾಫಿ ಆಯ್ತಾ?"

ಗಿರಿಜಾಂಬಾ ಉಮೇಶರ ಮುಖ ನೋಡಿದರು.

"ಜೂನ್ ಹದಿನಾಲ್ಕು, ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿದ್ರಿ?"

"ಇಲ್ಲೇ. ನಾನು ಎಲ್ಲಿಗೆ ಹೋಗ್ತೀನಿ ಸಾರ್?"

"ಮೇಸ್ತ್ರಿಯ ಕಸಿ ಕಮಾಂಡ್ ಬದಲಾಯಿಸಿದ್ದು ನೀವಾ?"

ಷಡಕ್ಷರಿ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮುಚ್ಚಿದರು.

"ರಂಜಿತಾ ಅವರ ಖಾತೆಯಿಂದ ಆಗಿದೆ. ಇವತ್ತು ಹನ್ನೊಂದಕ್ಕೆ ಅವರು ಠಾಣೆಗೆ ಬರ್ತಾರೆ. ಆರೋಪಿ ಅಂತ."

"ಆ ಹುಡುಗಿ ಮೇಲೆ ಬಂತಾ?" ಅವರು ಮಂಚದ ತುದಿಗೆ ಕೂತರು. "ಅಯ್ಯೋ. ಅವಳದ್ದೇನೂ ಇಲ್ಲ ಸಾರ್. ನಾನೇ. ಮೇ ತಿಂಗಳಲ್ಲಿ ಬಂದಾಗ ಅವಳ ಲ್ಯಾಪ್‌ಟಾಪಿಗೆ ಚಾರ್ಜ್ ಇರ್ಲಿಲ್ಲ. ನನ್ನದರಲ್ಲಿ ಅವಳ ಖಾತೆ ತೆಗೆದಿದ್ಲು. ಮುಚ್ಚೋಕೆ ಮರೆತಿದ್ಲು. ಹಾಗೇ ಇತ್ತು."

"ಹತ್ತೊಂಬತ್ತು ದಿನದ ಕೆಲಸ ಹಾಳಾಗಿದೆ, ಗೊತ್ತಾ? ಜನಕ್ಕೆ ಆನೆ ಬಂದದ್ದು ತಿಳಿಸೋ ಪ್ರೋಗ್ರಾಂ ಅದು."

"ಅಳಿಸಬಾರದಿತ್ತು ಸಾರ್! ನನ್ನ ಮೇಸ್ತ್ರಿ ಕೇಳದೆ ಒಂದು ಎಲೆ ಮುಟ್ತಿರ್ಲಿಲ್ಲ. 'ಇದು ತೆಗೀಲಾ?' ಅಂತ ಕೇಳ್ತಿತ್ತು. ಜನಕ್ಕೆ ಗೊಂದಲ ಆಗತ್ತೆ, ದಿಲೀಪ್ ಅವರಿಗೆ ಹೇಳ್ತಾರೆ, ಅವರು ನನಗೆ ಫೋನ್ ಮಾಡ್ತಾರೆ ಅಂದ್ಕೊಂಡೆ. ಹಳೇದೇ ಚೆನ್ನಾಗಿತ್ತು ರೈಟ್ರೆ, ಒಂದ್ಸಲ ಬಂದು ನೋಡಿ ಅಂತಾರೆ ಅಂತ."

ಉಮೇಶರಿಗೆ ಈಗ ಪೂರ್ತಿ ಚಿತ್ರ ಕಂಡಿತು. ಕತ್ತರಿಸು ಎಂದಿದ್ದು ಇವರ ಮಾತು. ಏನನ್ನೂ ಕೇಳಬೇಡ ಎಂದಿದ್ದು ಅವಳ ನಿಯಮ. ಎರಡೂ ಒಂದೇ ಪ್ಯಾಕೇಜಿನಲ್ಲಿ ಸೇರಿದವು. ಜೋಡಿಸಲೆಂದು ಕಸಿ ಕಮಾಂಡ್ ಕೊಟ್ಟ ಕಳಸದವರ ಕೆಲಸವನ್ನು ಅದು ಕೇಳದೇ ಕತ್ತರಿಸಿತು.

"ಫೋನ್ ಬೇಕಿದ್ರೆ ನೀವೇ ಮಾಡ್ಬಹುದಿತ್ತಲ್ಲ?"

"ಏನಂತ ಮಾಡ್ಲಿ?" ಷಡಕ್ಷರಿ ಲ್ಯಾಪ್‌ಟಾಪ್ ಕಡೆ ನೋಡಿದರು. "ಶುಕ್ರವಾರ ಹೊಸದನ್ನ ಹಾಕ್ಕೊಂಡೆ ಸಾರ್. ಕಮಾಂಡ್ ಕೊಟ್ಟೆ. 'ಕಾರ್ಯ ಪೂರ್ಣಗೊಂಡಿದೆ' ಅಂತು. ಅಷ್ಟೇ. ಎರಡು ವರ್ಷ ನನ್ನನ್ನ ಕಾಫಿ ಆಯ್ತಾ ಅಂತ ಕೇಳಿದ್ದು ಅದೊಂದೇ. ಕೇಳು ಅಂತ ಹೇಳಿಕೊಟ್ಟಿದ್ದು ನಾನೇ, ಗೊತ್ತು ನನಗೆ. ಆದ್ರೂ ಕೇಳ್ತಿತ್ತಲ್ಲ."

ಕೆಳಗೆ ಘಾಟಿಗೆ ಹೊರಟ ಬಸ್ಸಿನ ಕಂಡಕ್ಟರ್ ಸೀಟಿ ಊದಿದ.

10.50ಕ್ಕೆ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಜಪ್ತಿ ಪಂಚನಾಮೆ ಮುಗಿಯಿತು. 11.05ಕ್ಕೆ ಬಂಧನ. ಉಮೇಶ್ ಠಾಣೆಗೆ ಫೋನ್ ಮಾಡಿ, ರಂಜಿತಾ ಬಂದಿದ್ದರೆ ಕೂರಿಸಿ, ಆರೋಪಿ ಅಂತ ಅಲ್ಲ, ಸಾಕ್ಷಿ ಅಂತ ಹೇಳಿಕೆ ತಗೊಳ್ಳಿ ಎಂದರು. ನಂತರ ಬಂಧನದ ನಮೂನೆ ತೆಗೆದರು.

"ಜಾಮೀನು ಸಿಗೋ ಕಲಂ, ಹೆದರಬೇಡಿ. ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು? ಬಂಧು, ಸ್ನೇಹಿತರು, ಯಾರದ್ದಾದ್ರೂ ಹೆಸರು ಹೇಳಿ."

ಷಡಕ್ಷರಿ ಬಹಳ ಯೋಚಿಸಿದರು. ಗಿರಿಜಾಂಬಾ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು.

"ರಂಜಿತಾ ಅವರಿಗೇ ತಿಳಿಸಿ ಸಾರ್."

"ಅವರಿಗಾ? ನಿಮ್ಮಿಂದ ಅವರೇ ಒಳಗೆ ಹೋಗ್ತಿದ್ರಲ್ರೀ."

"ಹೌದು. ತಪ್ಪಾಯ್ತು ಅಂತಾನೂ ಹೇಳಿ. ನಾನು ಬರೆದ ನಲವತ್ತಮೂರನ್ನೂ ಸಾಲು ಬಿಡದೆ ಓದಿದವರು ಅವರೊಬ್ಬರೇ. ಇದು ಹೀಗ್ಯಾಕೆ, ಅದು ಹಾಗ್ಯಾಕೆ ಅಂತ ನಾಲ್ಕು ದಿನ ಕೂತು ಕೇಳಿದ್ರು. ಆ ನಾಲ್ಕು ದಿನ ಎರಡೆರಡು ಲೋಟ ತೊಳೆದೆ ನಾನು."

ಉಮೇಶ್ ಹೆಸರು ಬರೆದರು. ಸಂಬಂಧ ಎಂಬ ಕಾಲಂ ಮುಂದಿತ್ತು. "ಏನಂತ ಬರೀಲಿ ಇಲ್ಲಿ?"

"ಓದಿದವರು ಅಂತ ಬರೀಬಹುದಾ ಸಾರ್?"

"ಬರೀತೀನಿ ಬನ್ನಿ" ಎಂದರು ಉಮೇಶ್.

ಮೂವರೂ ಮೆಟ್ಟಿಲು ಇಳಿದರು. ಮಳೆ ಈಗ ಜೋರಾಗಿತ್ತು, ಜೀಪು ರಸ್ತೆಯ ಆಚೆ ಬದಿಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಗಿರಿಜಾಂಬಾ ನಿಂತರು. ಮತ್ತೆ ಮೇಲೆ ಹತ್ತಿ ಹೋಗಿ, ಬಾಗಿಲ ಹಿಂದಿನ ಗೂಟದಿಂದ ಒಂದು ಕಪ್ಪು ಛತ್ರಿ ತೆಗೆದುಕೊಂಡು ಬಂದರು. ಜಪ್ತಿಯ ಪಟ್ಟಿಯಲ್ಲಿ ಅದು ಇರಲಿಲ್ಲ. ಬಿಚ್ಚಿ, ರೈಟ್ರ ತಲೆಯ ಮೇಲೆ ಹಿಡಿದು, ರಸ್ತೆ ದಾಟಿಸಿದರು.