ಅಪ್‌ಡೇಟ್ ಬೇಡ ಎಂದವಳು

ಬೆಲ್ ಆಯಿತೆಂದು ಬಾಗಿಲು ತೆಗೆದರೆ, ಎದುರಿಗೆ ಗಂಡ!

ಎಂಟು ತಿಂಗಳ ಹಿಂದೆ ಒಂದು ಸೂಟ್‌ಕೇಸ್ ಹಿಡಿದು ಇದೇ ಬಾಗಿಲು ದಾಟಿ ಹೋದವನು. ಜೇಬಿನಲ್ಲಿ ಇನ್ನೂ ಮನೆಯ ಕೀ ಇದೆ. ಆದರೂ ಪರರ ಮನೆಗೆ ಬಂದವನ ಹಾಗೆ ಬೆಲ್ ಒತ್ತಿ ನಿಂತಿದ್ದಾನೆ. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

"ನಾಳೆ ತಾನೇ ನಾವು ಸಿಗಬೇಕಾಗಿದ್ದು? ಹತ್ತೂವರೆಗೆ, ಕೋರ್ಟಲ್ಲಿ."

"ತಂಗಿ ಹೇಳಿದ್ಲು... ನಿನ್ನ ಕಂಪ್ಯೂಟರಿಗೆ ನೆಟ್ ಬರ್ತಿಲ್ಲವಂತೆ."

ಹೊಟ್ಟೆಯಲ್ಲಿ ಒಂದು ಗುಟ್ಟು ನಿಲ್ಲದ ನಾದಿನಿ! ಅವಳ ಹತ್ತಿರ ಯಾಕಾದರೂ ಬಾಯಿಬಿಟ್ಟೆನೋ ಎಂದು ಹಲ್ಲು ಕಚ್ಚಿಕೊಂಡು ದಾರಿ ಬಿಟ್ಟಳು. ಬೇರೆ ದಾರಿಯೂ ಇರಲಿಲ್ಲ. ಕಿವಿ ಕೇಳದವರಿಗಾಗಿ ಧಾರಾವಾಹಿಗಳಿಗೆ ಅಡಿಬರಹ ಬರೆಯುವುದು ಅವಳ ಕೆಲಸ. ಸಂಜೆಯೊಳಗೆ ಒಂದು ಕಂತು ಕಳಿಸಬೇಕು.

ಹೋದ ವಾರ ಕಂಪ್ಯೂಟರಿನೊಳಗಿನ ಹಳೆಯ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಅಂಗಡಿಯವನು ಈಗಷ್ಟೇ ಮಾರುಕಟ್ಟೆಗೆ ಬಂದ ಹೊಸದನ್ನು ಹಾಕಿಕೊಟ್ಟ. ಕಂಪ್ಯೂಟರ್ ತೆರೆಯುತ್ತದೆ, ಆದರೆ ಕೇಬಲ್ ಹಾಕಿದರೂ ನೆಟ್ ಇಲ್ಲ, ವೈಫೈ ಅಂತೂ ಪತ್ತೆಯೇ ಇಲ್ಲ. "ಈ ಲಿನಕ್ಸ್ ಸಾಫ್ಟ್‌ವೇರ್ ಅಳಿಸಿ ಬೇರೇದು ಹಾಕ್ಸಿ ಮೇಡಂ, ತಲೆನೋವು ತಪ್ಪುತ್ತೆ" ಎಂದಿದ್ದ ಅಂಗಡಿಯವನು. ಇವಳು ಒಪ್ಪಲಿಲ್ಲ. ಕೈ ಪಳಗಿದ್ದು ಇದಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು. ಮದುವೆಯಾದ ಹೊಸದರಲ್ಲಿ ಅವನು ಇಡೀ ಒಂದು ಭಾನುವಾರ ಕೂತು ಅದನ್ನು ಹಾಕಿಕೊಟ್ಟಿದ್ದ. ಆ ಮಾತನ್ನು ಮಾತ್ರ ತನಗೂ ಹೇಳಿಕೊಳ್ಳಲಿಲ್ಲ.

ಅವನು ಕೂತು ಏನೇನೋ ಟೈಪ್ ಮಾಡಿ ನೋಡಿದ.

"ಬೋರ್ಡ್ ಕೆಟ್ಟಿಲ್ಲ. ಲಿನಕ್ಸ್ ಹಳೇದು. ಇದರೊಳಗಿನ ಕರ್ನಲ್ ಇದೆಯಲ್ಲ, ಯಂತ್ರದ ಭಾಗಗಳ ಗುರುತು ಹಿಡಿಯೋದು ಅದೇ. ಮೂರು ವರ್ಷದ ಹಿಂದಿನದು. ಆಗ ಈ ಬೋರ್ಡ್ ಹುಟ್ಟೇ ಇರ್ಲಿಲ್ಲ."

ಆ ಮಾತು ಬಾಯಿಂದ ಬಿದ್ದದ್ದೇ ತಡ, ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು. ಹೋದ ವರ್ಷ, ಐದು ತಿಂಗಳು ತುಂಬಿದ ಮೇಲೆ, ಇವರ ಮಗು ಹೊಟ್ಟೆಯಲ್ಲೇ ಹೋಗಿತ್ತು.

ಅವನು ತನ್ನ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದ. ಫೋನಿನ ನೆಟ್ಟಿನಲ್ಲೇ ಹೊಸ ಕರ್ನಲ್ ಇಳಿಯಬೇಕು. ಪರದೆಯ ಮೇಲೆ ಒಂದು ಗಂಟೆ ಹತ್ತು ನಿಮಿಷ ಎಂದು ಬಂತು.

"ಇದು ಹಳೆ ಫೋನು. ನಡುವೆ ಕಾಲ್ ಬಂದು ಎತ್ತಿದ್ರೆ ನೆಟ್ ಕಟ್ಟಾಗುತ್ತೆ" ಎಂದ.

"ಎತ್ತದೇ ಇರೋದು ನಿನಗೆ ಅಭ್ಯಾಸ ಇದೆಯಲ್ಲ."

ಅವನ ಮುಖ ಬಿಳುಚಿಕೊಂಡಿತು. ಅವತ್ತು ಆಸ್ಪತ್ರೆಯಿಂದ ಹನ್ನೊಂದು ಸಲ ಕಾಲ್ ಮಾಡಿದ್ದಳು. ಒಂದನ್ನೂ ಎತ್ತಿರಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಒಂದು ಗಂಟೆಗೆ ಇಳಿಯಿತು. ಎಷ್ಟು ಹೊತ್ತೆಂದು ಪರದೆ ನೋಡುತ್ತ ಕೂರುವುದು?

"ಮೂರು ವರ್ಷ ಇದನ್ನ ಹೀಗೇ ಕೊಳೆಯೋಕೆ ಬಿಟ್ಟೆಯಾ? ಮನೇಲೇ ಇದ್ದೆಯಲ್ಲ ಆಗ" ಎಂದಳು.

"ನೀನೇ ಹೇಳಿದ್ದು. ಒಂದ್ಸಲ ಅಪ್‌ಡೇಟ್ ಆಗಿ ಪರದೆ ಕಪ್ಪಾಯ್ತು, ಕೆಲಸ ಕಳಿಸೋ ದಿನಾನೇ. ಇನ್ಮೇಲೆ ನನ್ನ ಕಂಪ್ಯೂಟರ್ ಮುಟ್ಟಬೇಡ ಅಂದೆ. ಅವತ್ತೇ ನಾನು ಅಪ್‌ಡೇಟ್ ಎಲ್ಲ ನಿಲ್ಲಿಸಿಬಿಟ್ಟೆ."

"ಸಿಟ್ಟಲ್ಲಿ ಒಂದು ಮಾತು ಅಂದ್ರೆ ಮೂರು ವರ್ಷ ಹಿಡ್ಕೊಂಡು ಕೂರ್ತಾರಾ?"

"ಯಾವ ಮಾತು ಸಿಟ್ಟಿನದು, ಯಾವುದು ನಿಜದ್ದು ಅಂತ ನಂಗೆ ಹೇಗೆ ಗೊತ್ತಾಗಬೇಕು?" ಅವನ ದನಿ ಮೊದಲ ಸಲ ಏರಿತು. "ಆಸ್ಪತ್ರೆಯಿಂದ ಬಂದ ಮೇಲೂ ಹಾಗೇ ಅಂದೆ. ಮುಟ್ಟಬೇಡ, ಕಣ್ಣೆದುರು ಇರಬೇಡ, ಹೋಗು ಅಂದೆ."

"ಅಂದೆ. ಹೋಗಿಬಿಟ್ಟೆಯಲ್ಲ!"

ಎಂಟು ತಿಂಗಳು ನುಂಗಿಕೊಂಡಿದ್ದೆಲ್ಲ ಒಮ್ಮೆಲೇ ಮೇಲೆ ಬಂತು.

"ಹಾಲು ಬರ್ತಿತ್ತು ಕಣೋ... ಕುಡಿಯೋಕೆ ಮಗು ಇಲ್ಲ, ಹಾಲು ಮಾತ್ರ ಬರ್ತಿತ್ತು. ಬಚ್ಚಲುಮನೇಲಿ ಒಬ್ಬಳೇ ಅಳ್ತಿದ್ದೆ. ನೀನು ಹೊರಗಿನ ಕೋಣೇಲಿ ಮಲಗಿದ್ದೆ. ಒಂದು ಮಗೂನ ಉಳಿಸ್ಕೊಳ್ಳೋಕೆ ಆಗದವಳು ಅಂತ ನಿನ್ನ ಮನಸ್ಸಲ್ಲಿದೆ ಅಂದ್ಕೊಂಡೆ. ಅದಕ್ಕೇ ಹೋಗು ಅಂದ ತಕ್ಷಣ ಹೊರಟ ಅಂದ್ಕೊಂಡೆ."

ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಮಲಗಿರ್ಲಿಲ್ಲ. ಬಚ್ಚಲ ಬಾಗಿಲ ಹೊರಗೇ ನಿಂತಿರ್ತಿದ್ದೆ. ಒಳಗೆ ಬರೋಕೆ ಧೈರ್ಯ ಇರ್ಲಿಲ್ಲ. ನೀನು ಆಸ್ಪತ್ರೆಯಿಂದ ಕಾಲ್ ಮಾಡಿದ ದಿನ ಆಫೀಸಿನ ಸರ್ವರ್ ರೂಮಲ್ಲಿದ್ದೆ. ಅಲ್ಲಿಗೆ ಫೋನ್ ಒಯ್ಯೋ ಹಾಗಿಲ್ಲ, ಹೊರಗೆ ಲಾಕರಲ್ಲಿತ್ತು. ತೆಗೆದು ನೋಡಿದಾಗ ಹನ್ನೊಂದು ಕಾಲ್... ಯಾವ ಬಾಯಲ್ಲಿ ಇದನ್ನ ನಿಂಗೆ ಹೇಳಲಿ? ನೀನು ಹೋಗು ಅಂದಾಗ, ಇದೇ ನನಗೆ ತಕ್ಕ ಶಿಕ್ಷೆ ಅಂತ ಹೋದೆ."

"ಶಿಕ್ಷೆ ನಿಂಗೆ. ಅನುಭವಿಸಿದ್ದು ಯಾರು?"

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ಕೂತದ್ದರಿಂದಲೂ ಒಂದು ಸಂಸಾರ ಕೋರ್ಟಿನ ಮೆಟ್ಟಿಲು ಹತ್ತಿತ್ತು.

ಕೊನೆಗೂ ಡೌನ್‌ಲೋಡ್ ಮುಗಿಯಿತು. ಕಂಪ್ಯೂಟರ್ ಮುಚ್ಚಿ ತೆರೆದುಕೊಂಡಿತು. ಮೂಲೆಯಲ್ಲಿ ನೆಟ್ಟಿನ ಗುರುತು ಮೂಡಿತು. ಅವಳು ಕಣ್ಣೊರೆಸಿಕೊಂಡು ಕಂತು ಕಳಿಸಿದಳು. ಅವನು ಎದ್ದು ಕೇಬಲ್ ಸುತ್ತಿಕೊಂಡ.

"ಎಲ್ಲ ಸರಿಹೋಯ್ತು" ಎಂದ.

"ಕಂಪ್ಯೂಟರ್ ಸರಿಹೋಯ್ತು" ಎಂದಳು ಅವಳು. "ನಂಗೆ ಇನ್ನೂ ನಿನ್ನ ಮೇಲೆ ಸಿಟ್ಟಿದೆ. ಅಷ್ಟು ಸುಲಭಕ್ಕೆ ಹೋಗಲ್ಲ."

"ಗೊತ್ತು."

ಬಾಗಿಲವರೆಗೆ ಹೋದವನು ನಿಂತ. ಅವಳು ಕುರ್ಚಿಯಿಂದ ಎದ್ದಳು. ಈಗಲೂ ಸುಮ್ಮನೆ ಹೋಗಿಬಿಡ್ತಾನಾ? ಹಾಗಿದ್ರೆ ನಾಳೆ ಒಂದು ಸಹಿ, ಮುಗೀತು...

ಅವನು ತಿರುಗಿದ.

"ನಾಳೆ ಹತ್ತೂವರೆಗೆ ನಾನು ಅಲ್ಲಿಗೆ ಬರಲ್ಲ. ವಕೀಲರು ಬೈದ್ರೂ ಬರಲ್ಲ. ನೀನೇ ಬಾ ಅಂದ್ರೂ ಬರಲ್ಲ. ಇಷ್ಟು ದಿನ ನೀನು ಹೇಳಿದ್ದೆಲ್ಲ ಕೇಳಿದೆ. ಇದೊಂದು ಕೇಳಲ್ಲ."

ಅವಳು ಅವನನ್ನೇ ನೋಡಿದಳು. ಕಣ್ಣು ಮತ್ತೆ ತುಂಬಿ ಅವನ ಮುಖ ಮಂಜಾಯಿತು.

"ಕೇಳಬೇಡ" ಎಂದಳು.