ಶುಕ್ರವಾರದ ನೀರು

2003ರ ಜೂನ್ 13, ಶುಕ್ರವಾರ, ಮಧ್ಯಾಹ್ನ ಎರಡೂ ಹತ್ತಕ್ಕೆ ಚೆನ್ನೈನ ಪಲ್ಲಾವರಂ ಠಾಣೆಗೆ ಬಂದ ದೂರು ಇಷ್ಟು: ಕಮಲಾಕರರಾಯರ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕಿಗೆ ಯಾರೋ ನೀರು ಸುರಿಯುತ್ತಿದ್ದಾರೆ. ಹೋದ ಶುಕ್ರವಾರ ಒಮ್ಮೆ, ಇವತ್ತು ಇನ್ನೊಮ್ಮೆ. ಮೂರನೆಯ ಸಲ ಪೆಟ್ರೋಲಿನಲ್ಲಿ ನೀರು ಸಿಕ್ಕರೆ ಬಂಕಿನ ಲೈಸೆನ್ಸ್ ರದ್ದು.

"ಬಂಕ್ ಹೋದ್ರೆ ನಾನೂ ಹೋದಂಗೇ ಸರ್" ಎಂದು ರಾಯರು ಕಣ್ಣೊರೆಸಿಕೊಂಡರು.

ಇನ್‌ಸ್ಪೆಕ್ಟರ್ ರಾಮದಾಸ ಹೊಸೂರಿನ ಕನ್ನಡಿಗ. ಎಫ್‌ಐಆರ್ ಬರೆಸಿ ಬಂಕಿಗೆ ಹೋದರು. ಅಬ್ಬಬ್ಬಾ, ಅದೆಂಥ ಬಂಕ್! ಪಂಪುಗಳಿಗೆ ಮಾವಿನ ತೋರಣ, ಮಾಲೀಕರಿಗೆ ಕೆಂಪು ಮುಂಡಾಸು. ದಿನಾ ಬೆಳಿಗ್ಗೆ ಪಂಪಿಗೆ ಕರ್ಪೂರದಾರತಿ. ಗಾಡಿ ನಂಬರು ಕೂಡಿದಾಗ ಎಂಟು ಬಂದರೆ ಪೆಟ್ರೋಲ್ ಇಲ್ಲ, ಎಂಟು ಶನಿಯದಂತೆ. ಪೊಲೀಸ್ ಜೀಪಿನದೂ ಎಂಟೇ. "ತಪ್ಪು ತಿಳ್ಕೋಬೇಡಿ ಸರ್" ಎಂದರು ರಾಯರು.

"ನೀರು ಯಾವಾಗ ಬಿದ್ದಿದೆ?"

"ರಾಹುಕಾಲದಲ್ಲಿ. ಹತ್ತೂವರೆಯಿಂದ ಹನ್ನೆರಡು."

"ಆಗ ಇಲ್ಲಿ ಯಾರಿದ್ರು?"

"ಯಾರೂ ಇಲ್ಲ. ಬಂಕೇ ಕ್ಲೋಸ್. ನಾನು, ಐದು ಜನ ಕೆಲಸದೋರು ಒಳಗಿನ ರೂಮಲ್ಲಿ. ಅದು ಮುಗಿಯೋವರೆಗೂ ಒಬ್ರೂ ಏಳಲ್ಲ."

"ಟ್ಯಾಂಕಿನ ಬೀಗದ ಕೈ?"

"ಹಿಂದೆನೇ ಮನೆ. ದೇವರ ಕೋಣೇಲಿದೆ."

ರಾಮದಾಸರಿಗೆ ತಲೆ ಕೆಟ್ಟುಹೋಯಿತು. ಬೀಗ ಒಡೆದಿಲ್ಲ. ಆರು ಜನರಿಗೆ ಆ ಆರು ಜನರೇ ಸಾಕ್ಷಿ. ಐದು ದಿನ ವಿಚಾರಣೆ ನಡೆಸಿದರೂ ತಲೆಬುಡ ತಿಳಿಯಲಿಲ್ಲ.

19ರ ಸಂಜೆ ಮಹಿಳಾ ಪೇದೆ ಚಂದ್ರಮತಿ ಬಂದು ನಿಂತಳು. "ಸರ್, ನಾಳೆ ಹತ್ತೂವರೆಗೆ ಒಂದ್ ಗಂಟೆ ಪರ್ಮಿಷನ್ ಬೇಕು. ದುರ್ಗೆಗೆ ನಿಂಬೆಹಣ್ಣಿನ ದೀಪ. ಅದನ್ನ ರಾಹುಕಾಲದಲ್ಲೇ ಹಚ್ಚಬೇಕು."

ರಾಮದಾಸ ತಲೆಯೆತ್ತಿದರು. "ರಾಯರ ಮನೇಲಿ ಆ ದೀಪ ಹಚ್ಚೋರು ಯಾರಾದ್ರೂ ಇದಾರಾ?"

"ಅವರ ಅಕ್ಕ ಭೀಮಾಬಾಯಿ. ಗುಡೀಲಿ ನನ್ನ ಪಕ್ಕಾನೇ ಕೂರ್ತಾರೆ. ಅಭಿಷೇಕದ ನೀರು ಕೊಡದಲ್ಲಿ ಒಯ್ತಾರೆ, ಪಾವಂ, ಪಾಪದ ಜೀವ."

ಜೂನ್ 20, ಬೆಳಿಗ್ಗೆ 11.20. ಎಪ್ಪತ್ತರ ಭೀಮಾಬಾಯಿ ಬೀಗ ತೆಗೆದು ಟ್ಯಾಂಕಿನ ಮುಚ್ಚಳ ಎತ್ತಿದರು. ಕೊಡ ಬಾಗುವ ಮುನ್ನ, ಗುಡಿಯಿಂದಲೇ ಹಿಂಬಾಲಿಸಿದ್ದ ಚಂದ್ರಮತಿ ಕೈ ಹಿಡಿದಳು. ಕೊಡ, ಕೀಲಿಕೈ ಪಂಚನಾಮೆಗೆ ಸೇರಿದವು. ರಾಯರು ಒಳಗಿನಿಂದ ಓಡಿಬಂದು ಅಕ್ಕನನ್ನು ಕಂಡರು.

"ಯಾಕಮ್ಮಾ ಹೀಗೆ ಮಾಡಿದ್ರಿ?" ಎಂದು ರಾಮದಾಸ ಕೇಳಿದರು.

"ಪೆಟ್ರೋಲ್ ಎದುರೇ ಕರ್ಪೂರ ಹಚ್ತಾನಪ್ಪಾ. ಬೇಡವೋ ಅಂದ್ರೆ ನಗ್ತಾನೆ. ತಾಯಿಯ ನೀರು ಬೆರೆತರೆ ಬೆಂಕಿ ಹತ್ತಲ್ಲ ಅಂದ್ಕೊಂಡೆ."

ನೀರು ತಳಕ್ಕಿಳಿಯುತ್ತದೆ, ಪೆಟ್ರೋಲ್ ಮೇಲೇ ಉಳಿಯುತ್ತದೆ ಎಂದು ರಾಮದಾಸ ಬಿಡಿಸಿ ಹೇಳಿದರು. ಮುದುಕಿ ತಮ್ಮನತ್ತ ತಿರುಗಿದರು.

"ಹಾಗಾದ್ರೆ ಇಷ್ಟು ದಿನ ಇವನಿಗೆ ಕಾವಲೇ ಇರ್ಲಿಲ್ವೇ?"

ರಾಯರು ದೂರು ವಾಪಸ್ ಕೊಡಿ ಎಂದು ಗೋಗರೆದರು. ಎಫ್‌ಐಆರ್ ಆದಮೇಲೆ ಅದು ಠಾಣೆಯ ಕೈಲಿಲ್ಲ. 11.50ಕ್ಕೆ ಬಂಧನ, ಸಂಜೆಗೆ ಜಾಮೀನು.

ಭೀಮಾಬಾಯಿಯ ಹೇಳಿಕೆಯ ಕೊನೆಯಲ್ಲಿ ಹೀಗಿದೆ: 1975ರಲ್ಲಿ ಸ್ಟೌ ಸಿಡಿದು ಗಂಡನ ಪಂಚೆಗೆ ಬೆಂಕಿ ಹತ್ತಿತು. ಮದ್ರಾಸಿಗೆಲ್ಲ ನೀರಿನ ಬರ. ಅವತ್ತು ಮನೆಯ ಕೊಡಗಳೆಲ್ಲ ಖಾಲಿಯಿದ್ದವು.